ನೀರಿನ ಉಷ್ಣತೆ, ಸಾಂದ್ರತೆ ಮತ್ತು ತೂಕ: ಮುಂಬಯಿ ಮಹಾನಗರದ ನಿದರ್ಶನಗಳು



ನೀರು ಎಲ್ಲರಿಗೂ ಪರಿಚಿತವಾದ ವಸ್ತು. ಪರಿಚಿತವೆಂಬ ಕಾರಣದಿಂದಲೇ ಅದರ ಗುಣಧರ್ಮಗಳತ್ತ ಜನಸಾಮಾನ್ಯರ ಗಮನ ಹರಿಯುವುದು ಕಡಿಮೆ. ಒಂದು ಲೀಟರ್ ನೀರಿನ ತೂಕವೆಷ್ಟು ಎಂದು ಕೇಳಿದರೆ ಶಾಲೆಗೆ ಹೋಗುವ ಮಗುವೂ ಒಂದು ಕಿಲೋಗ್ರಾಂ ಎಂದು ಥಟ್ಟನೆ ಉತ್ತರಿಸುತ್ತದೆ. ದಿನಬಳಕೆಗೆ ಈ ಉತ್ತರ ಸಾಕು. ಆದರೆ ಅದು ಪೂರ್ಣ ಸತ್ಯವಲ್ಲ. ನೀರು ಎಷ್ಟು ಬೆಚ್ಚಗಿದೆ ಎಂಬುದನ್ನು ಹೇಳದೆ ಒಂದು ಲೀಟರ್ ನೀರಿನ ತೂಕವನ್ನು ನಿಖರವಾಗಿ ಹೇಳಲು ಬರುವುದಿಲ್ಲ.

ಈ ವ್ಯತ್ಯಾಸ ತೀರ ಅಲ್ಪವಾದುದು. ಅದನ್ನು ಗಣನೆಗೆ ತೆಗೆದುಕೊಳ್ಳುವ ಅಗತ್ಯವೇನು ಎಂದು ಕೆಲವರಿಗೆ ಅನಿಸಬಹುದು. ಒಂದು ಚೊಂಬು ನೀರಿನ ಮಟ್ಟಿಗೆ ಈ ಮಾತು ನಿಜ. ಆದರೆ ಒಂದು ಕೆರೆ, ಒಂದು ಬಂದರು, ಒಂದು ಸಮುದ್ರದ ಮಟ್ಟಿಗೆ ಅದು ನಿಜವಲ್ಲ. ಸಮುದ್ರದ ಅಂಚಿನಲ್ಲಿ, ಸಮುದ್ರವನ್ನೇ ನೆಚ್ಚಿ ಬೆಳೆದಿರುವ ಮುಂಬಯಿಯಂತಹ ಮಹಾನಗರದಲ್ಲಿ ಈ ಅಲ್ಪ ವ್ಯತ್ಯಾಸವು ಮನೆಯ ತೊಟ್ಟಿಯಿಂದ ಆರಂಭಿಸಿ ಹಡಗುಕಟ್ಟೆಯವರೆಗೆ, ಅಲ್ಲಿಂದ ಮಳೆಗಾಲದ ಪ್ರವಾಹದವರೆಗೆ ಹೇಗೆ ತನ್ನ ಪ್ರಭಾವವನ್ನು ಬೀರುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶವಾಗಿದೆ.

ತೂಕ ಮತ್ತು ಸಾಂದ್ರತೆ

ಮೊದಲು ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನೀರನ್ನು ಕಾಯಿಸಿದರೆ ಅದರ ತೂಕ ಕಡಿಮೆಯಾಗುವುದೇ? ಆವಿಯಾಗಿ ಹೋಗದಂತೆ ನೋಡಿಕೊಂಡರೆ, ಇಲ್ಲ. ಪಾತ್ರೆಯಲ್ಲಿದ್ದಷ್ಟೇ ನೀರು ಅಲ್ಲಿರುತ್ತದೆ. ತಕ್ಕಡಿಯಲ್ಲಿಟ್ಟರೆ ತೂಕವೂ ಅಷ್ಟೇ ಇರುತ್ತದೆ. ಬದಲಾಗುವುದು ಅದರ ಗಾತ್ರ. ಬಿಸಿಯಾದ ನೀರು ಹಿಗ್ಗಿ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದ ಅದೇ ಅಳತೆಯ ಕೊಡದಲ್ಲಿ ಬಿಸಿನೀರನ್ನು ತುಂಬಿದರೆ ತಣ್ಣೀರಿಗಿಂತ ಸ್ವಲ್ಪ ಕಡಿಮೆ ನೀರು ಹಿಡಿಯುತ್ತದೆ. ತುಂಬಿದ ಕೊಡದ ತೂಕವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಒಂದು ನಿಶ್ಚಿತ ಗಾತ್ರದಲ್ಲಿ ಎಷ್ಟು ದ್ರವ್ಯರಾಶಿ ಅಡಕವಾಗಿದೆ ಎಂಬುದನ್ನೇ ಸಾಂದ್ರತೆ ಎನ್ನುತ್ತಾರೆ. ಉಷ್ಣತೆ ಬದಲಿಸುವುದು ಈ ಸಾಂದ್ರತೆಯನ್ನು.

ಅಳತೆಯ ಪದ್ಧತಿಯನ್ನು ರೂಪಿಸಿದವರಿಗೂ ಈ ಪ್ರಶ್ನೆ ಎದುರಾಗಿತ್ತು. ಫ್ರಾನ್ಸ್ ದೇಶದಲ್ಲಿ 1795ರ ಕಾನೂನು ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವನ್ನು ಒಂದು ಗ್ರಾಂ ಎಂದು ನಿರೂಪಿಸಿದಾಗ, ಆ ನೀರು ಮಂಜುಗಡ್ಡೆ ಕರಗುವ ಉಷ್ಣತೆಯಲ್ಲಿರಬೇಕೆಂದು ಗೊತ್ತುಪಡಿಸಲಾಗಿತ್ತು. 1799ರ ವೇಳೆಗೆ ಇದನ್ನು ತಿದ್ದಿ, ನೀರು ತನ್ನ ಗರಿಷ್ಠ ಸಾಂದ್ರತೆಯನ್ನು ಪಡೆಯುವ ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಆಧಾರವಾಗಿ ಸ್ವೀಕರಿಸಲಾಯಿತು. 1901ರಿಂದ 1964ರವರೆಗೆ ಲೀಟರ್ ಎಂಬ ಅಳತೆಯನ್ನೇ ಗರಿಷ್ಠ ಸಾಂದ್ರತೆಯಲ್ಲಿರುವ ಒಂದು ಕಿಲೋಗ್ರಾಂ ನೀರಿನ ಗಾತ್ರವೆಂದು ನಿರೂಪಿಸಲಾಗಿತ್ತು. ಸೇರು, ಮಣಗಳ ಲೆಕ್ಕದಲ್ಲಿದ್ದ ನಮ್ಮ ದೇಶವು 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಒಂದು ಲೀಟರಿಗೆ ಒಂದು ಕಿಲೋ ಎಂಬ ನಮ್ಮ ನಂಬಿಕೆಯ ಹಿಂದೆ ಇರುವುದು ಈ 4 ಡಿಗ್ರಿಯ ನೀರು. ಮುಂಬಯಿಯ ನಲ್ಲಿಯಲ್ಲಿ ಅಂತಹ ನೀರು ಎಂದೂ ಬರುವುದಿಲ್ಲ.

ಅಂಕಿಗಳು ಏನು ಹೇಳುತ್ತವೆ?

ಒಂದು ಘನ ಮೀಟರ್, ಎಂದರೆ ಒಂದು ಸಾವಿರ ಲೀಟರ್, ಶುದ್ಧ ನೀರು 4 ಡಿಗ್ರಿಯಲ್ಲಿ ಹೆಚ್ಚುಕಡಿಮೆ 1000 ಕಿಲೋಗ್ರಾಂ ತೂಗುತ್ತದೆ. 20 ಡಿಗ್ರಿಯಲ್ಲಿ ಅದು 998.2 ಕಿಲೋಗ್ರಾಂ, 25 ಡಿಗ್ರಿಯಲ್ಲಿ 997, 30 ಡಿಗ್ರಿಯಲ್ಲಿ 995.7, 40 ಡಿಗ್ರಿಯಲ್ಲಿ 992.2. ಕುದಿಯುವ ಹಂತವನ್ನು ಮುಟ್ಟಿದಾಗ ಸುಮಾರು 958 ಕಿಲೋಗ್ರಾಂ ಮಾತ್ರ. ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನೀರು 4ರಿಂದ 5 ಡಿಗ್ರಿಗೆ ಏರಿದಾಗ ಒಂದು ಘನ ಮೀಟರಿನಲ್ಲಿ ಆಗುವ ಇಳಿಕೆ ಕೇವಲ 8 ಗ್ರಾಂ. 29ರಿಂದ 30 ಡಿಗ್ರಿಗೆ ಏರಿದಾಗ ಆಗುವ ಇಳಿಕೆ ಸುಮಾರು 300 ಗ್ರಾಂ. ಎಂದರೆ, ಬೆಚ್ಚಗಿನ ನೀರು ಮತ್ತಷ್ಟು ಬೆಚ್ಚಗಾದಾಗ ಹಿಗ್ಗುವ ಪ್ರಮಾಣವೂ ಹೆಚ್ಚು. ಉಷ್ಣವಲಯದಲ್ಲಿರುವ ನಮ್ಮ ದೇಶಕ್ಕೆ ಈ ಸಂಗತಿ ಬಹಳ ಮುಖ್ಯವಾದುದು.

ಕಟ್ಟಡದ ಮಾಳಿಗೆಯ ಮೇಲಿರುವ 1000 ಲೀಟರಿನ ತೊಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜನವರಿಯ ಬೆಳಗಿನಲ್ಲಿ 25 ಡಿಗ್ರಿಯ ನೀರಿನಿಂದ ತುಂಬಿದ ತೊಟ್ಟಿಗೂ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯ ನೀರಿನಿಂದ ತುಂಬಿದ ತೊಟ್ಟಿಗೂ ಸುಮಾರು 5 ಕಿಲೋಗ್ರಾಂ ವ್ಯತ್ಯಾಸವಿರುತ್ತದೆ. ಸ್ನಾನದ ಮನೆಯ ವಿದ್ಯುತ್ ಗೀಸರಿನಲ್ಲಿ ಇದೇ ನಿಯಮ ಬೇರೊಂದು ರೂಪದಲ್ಲಿ ಕೆಲಸ ಮಾಡುತ್ತದೆ. ಬಿಸಿಯಾಗಿ ಹಗುರಾದ ನೀರು ಮೇಲಕ್ಕೆ ಸರಿಯುತ್ತದೆ, ತಣ್ಣೀರು ಕೆಳಗೆ ಉಳಿಯುತ್ತದೆ. ಆ ಕಾರಣದಿಂದಲೇ ಬಿಸಿನೀರನ್ನು ಮೇಲ್ಭಾಗದಿಂದ ಹೊರತೆಗೆಯುವ, ತಣ್ಣೀರನ್ನು ತಳಭಾಗದಲ್ಲಿ ಒಳಬಿಡುವ ವ್ಯವಸ್ಥೆ ಮಾಡಿರುತ್ತಾರೆ. 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಿದರೆ ಅದು ಮೂರನೆಯ ಒಂದು ಲೀಟರಿನಷ್ಟು ಹಿಗ್ಗುತ್ತದೆ. ದ್ರವವನ್ನು ಅದುಮಿ ಹಿಡಿಯುವುದು ಸುಲಭವಲ್ಲ. ಹೀಗೆ ಹಿಗ್ಗಿದ ನೀರಿಗೆ ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಅಪಾಯಕರ ಮಟ್ಟಕ್ಕೆ ಏರುತ್ತದೆ. ಗೀಸರಿನ ಸುರಕ್ಷಾ ಕವಾಟವು ತೊಟ್ಟಿಕ್ಕುತ್ತದೆ ಎಂದು ಅದನ್ನು ಬಿಗಿದು ಮುಚ್ಚಿಸುವುದು ಸರಿಯಲ್ಲ. ಅದರ ದುರಸ್ತಿಯನ್ನು ತಿಳಿದವರಿಂದ ಮಾಡಿಸಬೇಕು.

ಮಂಜುಗಡ್ಡೆ ತೇಲುವ ಬಗೆ

ಸಾಮಾನ್ಯವಾಗಿ ವಸ್ತುಗಳು ತಣಿದಷ್ಟೂ ಕುಗ್ಗಿ ಭಾರವಾಗುತ್ತವೆ. ನೀರು ಮಾತ್ರ 4 ಡಿಗ್ರಿಯವರೆಗೆ ಈ ಕ್ರಮವನ್ನು ಪಾಲಿಸಿ, ಅನಂತರ ಅದಕ್ಕೆ ವಿರುದ್ಧವಾಗಿ ಹಿಗ್ಗತೊಡಗುತ್ತದೆ. ಹೆಪ್ಪುಗಟ್ಟಿದಾಗಲಂತೂ ಅದರ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹೆಚ್ಚುತ್ತದೆ. ಒಂದು ಘನ ಮೀಟರ್ ಮಂಜುಗಡ್ಡೆಯ ತೂಕ ಸುಮಾರು 917 ಕಿಲೋಗ್ರಾಂ. ಆದುದರಿಂದಲೇ ಅದು ನೀರಿನಲ್ಲಿ ತೇಲುತ್ತದೆ. ಶೀತದೇಶಗಳ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುತ್ತವೆ. ಅಡಿಯಲ್ಲಿ 4 ಡಿಗ್ರಿಯ ಭಾರವಾದ ನೀರು ಉಳಿದು ಜಲಚರಗಳು ಬದುಕುತ್ತವೆ.

ಈ ವಿಚಿತ್ರ ಗುಣಕ್ಕೂ ಮುಂಬಯಿಯ ಇತಿಹಾಸಕ್ಕೂ ಒಂದು ನಂಟಿದೆ. ಯಂತ್ರಗಳಿಂದ ಮಂಜುಗಡ್ಡೆ ತಯಾರಿಸುವ ಕಾಲ ಇನ್ನೂ ಬಂದಿರದ 1830ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ವರ್ತಕ ಫ್ರೆಡರಿಕ್ ಟ್ಯೂಡರ್ ಎಂಬಾತ ಅಲ್ಲಿನ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ ಕಲ್ಕತ್ತೆಗೂ ಮುಂಬಯಿಗೂ ಕಳುಹಿಸತೊಡಗಿದನು. ಮರದ ಹೊಟ್ಟಿನಲ್ಲಿ ಹುದುಗಿಸಿದ ಈ ಗಡ್ಡೆಗಳು ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದವು. ಅವುಗಳನ್ನು ಕಾಪಿಡಲು ಮುಂಬಯಿಯಲ್ಲಿ ಪ್ರತ್ಯೇಕ ಮಂಜುಗಡ್ಡೆಯ ಕಟ್ಟಡವನ್ನೇ ನಿರ್ಮಿಸಲಾಗಿತ್ತು. ನೀರು ಇತರ ವಸ್ತುಗಳಂತೆ ತಳದಿಂದ ಹೆಪ್ಪುಗಟ್ಟುವಂತಿದ್ದರೆ ಕೆರೆಯ ಮೇಲ್ಮೈಯಲ್ಲಿ ಗರಗಸವಾಡಿಸಿ ಗಡ್ಡೆಗಳನ್ನು ಕತ್ತರಿಸುವ ಆ ವ್ಯಾಪಾರ ಸಾಧ್ಯವಾಗುತ್ತಿರಲಿಲ್ಲ.

ಕುಡಿಯುವ ನೀರಿನ ಕೆರೆಗಳು

ಮುಂಬಯಿಗೆ ನೀರು ಒದಗಿಸುವ ಜಲಾಶಯಗಳು ಏಳು: ವಿಹಾರ್, ತುಳಸಿ, ತಾನಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ ಮತ್ತು ಭಾತಸಾ. ಇವುಗಳಲ್ಲಿ ವಿಹಾರ್ 1860ರಲ್ಲಿ, ತುಳಸಿ 1879ರಲ್ಲಿ, ತಾನಸಾ 1892ರಲ್ಲಿ ಪೂರ್ಣಗೊಂಡವು. ವಿಹಾರ್ ಮತ್ತು ತುಳಸಿ ಕೆರೆಗಳು ಉಪನಗರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮಡಿಲಲ್ಲಿವೆ. ಉಳಿದವು ನಗರದಿಂದ ದೂರದಲ್ಲಿವೆ.

ಆಳವಾದ ಯಾವುದೇ ಜಲಾಶಯದಲ್ಲಿ ಬೇಸಗೆಯ ಬಿಸಿಲಿಗೆ ಕಾಯುವುದು ಮೇಲ್ಪದರದ ನೀರು. ಕಾದ ನೀರು ಹಗುರಾಗಿ ಮೇಲೆಯೇ ಉಳಿಯುತ್ತದೆ. ತಂಪಾದ ಭಾರದ ನೀರು ತಳದಲ್ಲಿ ನಿಲ್ಲುತ್ತದೆ. ನಡುವೆ ಗೋಡೆಯಿಲ್ಲದಿದ್ದರೂ ಈ ಎರಡು ಪದರಗಳು ಸುಲಭವಾಗಿ ಬೆರೆಯುವುದಿಲ್ಲ. ಉಷ್ಣವಲಯದ ಬೆಚ್ಚನೆಯ ನೀರಿನಲ್ಲಿ ಒಂದೊಂದು ಡಿಗ್ರಿಗೂ ಸಾಂದ್ರತೆಯ ವ್ಯತ್ಯಾಸ ಹೆಚ್ಚಾಗಿರುವುದರಿಂದ ಕೇವಲ ಎರಡು ಮೂರು ಡಿಗ್ರಿಗಳ ಅಂತರವೂ ಇಂತಹ ಪದರಗಳನ್ನು ನಿರ್ಮಿಸಬಲ್ಲದು. ಹೀಗೆ ಬೇರ್ಪಟ್ಟ ತಳದ ನೀರಿಗೆ ಗಾಳಿಯ ಆಮ್ಲಜನಕ ತಲುಪುವುದಿಲ್ಲ. ಅಲ್ಲಿ ಕೊಳೆಯುವ ಎಲೆ ಕಸಗಳು ಇದ್ದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಆಗ ತಳದ ಕೆಸರಿನಿಂದ ಕಬ್ಬಿಣ, ಮ್ಯಾಂಗನೀಸ್ ಮುಂತಾದವು ಕರಗಿ ನೀರಿನ ಬಣ್ಣವೂ ವಾಸನೆಯೂ ಕೆಡುತ್ತವೆ. ಜಲಾಶಯಗಳ ಸೆಳೆಗೋಪುರಗಳಲ್ಲಿ ಬೇರೆ ಬೇರೆ ಎತ್ತರದಲ್ಲಿ ದ್ವಾರಗಳನ್ನಿಟ್ಟು, ಕಾಲಕ್ಕೆ ತಕ್ಕಂತೆ ಉತ್ತಮವಾದ ಪದರದಿಂದ ನೀರನ್ನು ಪಡೆಯುವ ಕ್ರಮಕ್ಕೆ ಇದೇ ಕಾರಣ.

ಹಡಗು ಮುಳುಗುವ ಆಳ

ಸಮುದ್ರದ ನೀರು ಉಪ್ಪಿನಿಂದಾಗಿ ಸಿಹಿನೀರಿಗಿಂತ ಭಾರವಾದುದು. ಹಡಗುಗಳ ಲೆಕ್ಕಕ್ಕೆ ಒಂದು ಘನ ಮೀಟರಿಗೆ 1025 ಕಿಲೋಗ್ರಾಂ ಎಂದು ಹಿಡಿಯುವುದು ವಾಡಿಕೆ. ತೇಲುವ ಹಡಗು ತನ್ನ ತೂಕಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಆರ್ಕಿಮಿಡೀಸನ ತತ್ತ್ವ. ನೀರು ಹಗುರಾದರೆ ಅಷ್ಟೇ ತೂಕಕ್ಕಾಗಿ ಹೆಚ್ಚು ಗಾತ್ರದ ನೀರನ್ನು ಸರಿಸಬೇಕಾಗುತ್ತದೆ. ಹಡಗು ಹೆಚ್ಚು ಆಳಕ್ಕೆ ಇಳಿಯುತ್ತದೆ. ಸಮುದ್ರದಲ್ಲಿ 10 ಮೀಟರ್ ಆಳಕ್ಕೆ ಮುಳುಗಿದ ಹಡಗು ಸಿಹಿನೀರಿನ ನದೀ ಬಂದರನ್ನು ಹೊಕ್ಕರೆ ಸುಮಾರು 20ರಿಂದ 25 ಸೆಂಟಿಮೀಟರ್ ಹೆಚ್ಚು ಇಳಿಯುತ್ತದೆ.

ಉಷ್ಣತೆಯ ಪ್ರಭಾವ ಇದಕ್ಕಿಂತ ಕಡಿಮೆ, ಆದರೆ ಉಪೇಕ್ಷಿಸುವಂತಹದಲ್ಲ. ಸಮುದ್ರದ ನೀರು 20ರಿಂದ 30 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸಾವಿರಕ್ಕೆ 3ರಷ್ಟು ಇಳಿಯುತ್ತದೆ. ಅದೇ ಹಡಗು ಆಗ ಸುಮಾರು 3 ಸೆಂಟಿಮೀಟರ್ ಹೆಚ್ಚು ಮುಳುಗುತ್ತದೆ. ಸರಕಿನ ಸಮೇತ 50,000 ಟನ್ ತೂಗುವ ಹಡಗಿನ ಲೆಕ್ಕದಲ್ಲಿ ಸಾವಿರಕ್ಕೆ 3 ಎಂದರೆ 150 ಟನ್. ಕಲ್ಲಿದ್ದಲು, ಧಾನ್ಯ, ಅದಿರು ಮುಂತಾದ ಸಗಟು ಸರಕಿನ ತೂಕವನ್ನು ಹಡಗು ಮುಳುಗಿದ ಆಳದಿಂದಲೇ ಲೆಕ್ಕ ಹಾಕುವ ಪದ್ಧತಿಯಿದೆ. ಆ ಕೆಲಸಕ್ಕೆ ಬರುವ ಸರ್ವೇಯರುಗಳು ಹಡಗಿನ ಪಕ್ಕದ ನೀರನ್ನು ಎತ್ತಿ ಹೈಡ್ರೋಮೀಟರ್ ಎಂಬ ತೇಲುಮಾಪಕದಿಂದ ಅದರ ಸಾಂದ್ರತೆಯನ್ನು ಅಳೆಯುತ್ತಾರೆ. 150 ಟನ್ ಧಾನ್ಯದ ಬೆಲೆಯನ್ನು ಬಲ್ಲವರಿಗೆ ಈ ಪುಟ್ಟ ಉಪಕರಣದ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಮುಂಬಯಿಯ ಬಂದರಿನಲ್ಲಿ ಮಳೆಗಾಲದ ಹಳ್ಳ ನದಿಗಳ ಸಿಹಿನೀರು ಬೆರೆತಾಗ ಈ ಅಳತೆಯ ಅಗತ್ಯ ಇನ್ನೂ ಹೆಚ್ಚು.

ಈ ಸಂದರ್ಭದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಉಚಿತ. ಹಡಗಿನ ಪಕ್ಕದಲ್ಲಿ ಬಣ್ಣದಿಂದ ಬರೆದ ಅಡ್ಡಗೆರೆಗಳನ್ನು ಅನೇಕರು ಕಂಡಿರಬಹುದು. ಬ್ರಿಟಿಷ್ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ನಡೆಸಿದ ಹೋರಾಟದ ಫಲವಾಗಿ 1876ರಲ್ಲಿ ಕಾನೂನಿನ ಮನ್ನಣೆ ಪಡೆದ ಭಾರಮಿತಿ ರೇಖೆಗಳಿವು. ಇವುಗಳಲ್ಲಿ ಸಿಹಿನೀರಿನ ಗೆರೆ, ಉಷ್ಣವಲಯದ ಗೆರೆ, ಬೇಸಗೆಯ ಗೆರೆ, ಚಳಿಗಾಲದ ಗೆರೆ ಎಂಬ ಭೇದಗಳುಂಟು. ಸಿಹಿನೀರಿನ ಗೆರೆಗೆ ಸಾಂದ್ರತೆಯೇ ಕಾರಣ. ಆದರೆ ಉಷ್ಣವಲಯ, ಬೇಸಗೆ, ಚಳಿಗಾಲ ಎಂಬ ಗೆರೆಗಳಿಗೆ ನೀರಿನ ಬಿಸುಪು ಕಾರಣವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಬಿರುಗಾಳಿಯ ಸಂಭವ ಎಲ್ಲಿ ಯಾವಾಗ ಎಷ್ಟು ಎಂಬ ಆಧಾರದ ಮೇಲೆ ಆ ಗೆರೆಗಳನ್ನು ನಿಗದಿಪಡಿಸಲಾಗಿದೆ. 1966ರ ಅಂತಾರಾಷ್ಟ್ರೀಯ ಒಪ್ಪಂದದಂತೆ ಅರಬ್ಬೀ ಸಮುದ್ರದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಉಷ್ಣವಲಯದ ಗೆರೆಯವರೆಗೆ ಸರಕು ತುಂಬಬಹುದು. ಮುಂಗಾರಿನ ಜೂನ್ 1ರಿಂದ ಆಗಸ್ಟ್ 31ರವರೆಗೆ ಅದಕ್ಕಿಂತ ಕೆಳಗಿನ ಬೇಸಗೆಯ ಗೆರೆಯನ್ನು ಮೀರುವಂತಿಲ್ಲ. ನಾವಿಕರ ಪ್ರಾಣರಕ್ಷಣೆಯೇ ಈ ನಿಯಮದ ಗುರಿ.

ಅರಬ್ಬೀ ಸಮುದ್ರದ ಚಳಿಗಾಲ

ಸಿಹಿನೀರಿಗೆ ಅನ್ವಯಿಸುವ 4 ಡಿಗ್ರಿಯ ನಿಯಮ ಸಾಗರದ ನೀರಿಗೆ ಅನ್ವಯಿಸುವುದಿಲ್ಲ. ಅದು ಸುಮಾರು ಮೈನಸ್ 1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುವವರೆಗೂ ತಣಿದಷ್ಟೂ ಭಾರವಾಗುತ್ತಲೇ ಹೋಗುತ್ತದೆ. ಇದರ ಪರಿಣಾಮವನ್ನು ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ ಕಾಣಬಹುದು. ಚಳಿಗಾಲದಲ್ಲಿ ಈಶಾನ್ಯ ದಿಕ್ಕಿನಿಂದ ಬೀಸುವ ಒಣಗಾಳಿಯು ಮೇಲ್ಮೈಯ ನೀರನ್ನು ತಣಿಸುತ್ತದೆ, ಆವಿಯಾಗಿಸಿ ಉಪ್ಪಿನಂಶವನ್ನೂ ಹೆಚ್ಚಿಸುತ್ತದೆ. ಹೀಗೆ ಭಾರವಾದ ನೀರು ಕೆಳಕ್ಕಿಳಿದು, ಆಳದಲ್ಲಿದ್ದ ಪೋಷಕ ಲವಣಗಳು ಮೇಲಕ್ಕೆ ಬೆರೆಯುತ್ತವೆ. ಅದರಿಂದ ಸಸ್ಯಪ್ಲವಕಗಳು ಸಮೃದ್ಧವಾಗಿ ಬೆಳೆಯುತ್ತವೆ. ಮೀನುಗಳಿಗೆ ಆಹಾರ ದೊರೆಯುತ್ತದೆ. ವರ್ಸೋವಾ, ವರಳಿ, ಮಾಹಿಮ್ ಮುಂತಾದೆಡೆ ತಲೆಮಾರುಗಳಿಂದ ನೆಲೆಸಿರುವ ಕೋಳಿ ಜನಾಂಗದವರ ಜೀವನ ಅವಲಂಬಿಸಿರುವುದು ಇಂತಹ ಸಮುದ್ರವನ್ನು. ಮೇಲ್ಮೈ ನೀರು ಹೆಚ್ಚು ಬೆಚ್ಚಗಾಗಿ ಹಗುರಾಗಿಯೇ ಉಳಿದರೆ ಈ ಬೆರೆಯುವಿಕೆ ಕುಂಠಿತವಾಗುತ್ತದೆ. ಸಮುದ್ರದ ತಾಪ ಏರುತ್ತಿರುವುದು ಮೀನುಗಾರಿಕೆಗೂ ಚಿಂತೆಯ ವಿಷಯವಾಗಿರುವುದು ಈ ಕಾರಣಕ್ಕೆ.

ಏರುತ್ತಿರುವ ಸಮುದ್ರಮಟ್ಟ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರಬಹುದು. ಮುಂಬಯಿಯ ಅಪೋಲೋ ಬಂದರಿನಲ್ಲಿ ಸಮುದ್ರದ ಮಟ್ಟವನ್ನು 1878ರಿಂದ ದಾಖಲಿಸಲಾಗುತ್ತಿದೆ. ಇಷ್ಟು ದೀರ್ಘ ಕಾಲದ ದಾಖಲೆ ಏಷ್ಯಾ ಖಂಡದಲ್ಲೇ ವಿರಳ. ಪ್ರತಿದಿನದ ಭರತ ಇಳಿತಗಳನ್ನು ಬದಿಗಿಟ್ಟು ಸರಾಸರಿ ತೆಗೆದಾಗ, ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿನ ಸಮುದ್ರಮಟ್ಟವು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಏರಿರುವುದು ಕಂಡುಬಂದಿದೆ. ಜಗತ್ತಿನ ಸರಾಸರಿ ಸಮುದ್ರಮಟ್ಟವು 1901ರಿಂದ 2018ರವರೆಗೆ ಸುಮಾರು 20 ಸೆಂಟಿಮೀಟರ್ ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದ್ದು, 2006ರಿಂದ 2018ರ ಅವಧಿಯಲ್ಲಿ ಅದು ವರ್ಷಕ್ಕೆ 3.7 ಮಿಲಿಮೀಟರ್ ಆಗಿತ್ತು.

ಸಮುದ್ರ ಏರುವುದೆಂದರೆ ಧ್ರುವಪ್ರದೇಶದ ಹಿಮ ಕರಗುವುದು ಎಂದಷ್ಟೇ ಜನರು ತಿಳಿದಿದ್ದಾರೆ. ನೆಲದ ಮೇಲಿನ ಹಿಮ ಕರಗಿ ಕಡಲಿಗೆ ಸೇರುವುದು ಒಂದು ಕಾರಣ ನಿಜ. ಆದರೆ 1971ರಿಂದ 2018ರವರೆಗಿನ ಏರಿಕೆಯಲ್ಲಿ ಸುಮಾರು ಅರ್ಧದಷ್ಟು ಪಾಲು ನೀರು ಬಿಸಿಯಾಗಿ ಹಿಗ್ಗಿದುದರಿಂದ ಉಂಟಾದುದು ಎಂದು ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯ 2021ರ ವರದಿ ತಿಳಿಸುತ್ತದೆ. ಭೂಮಿಯಲ್ಲಿ ಸಂಗ್ರಹವಾಗುತ್ತಿರುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲನ್ನು ಸಾಗರಗಳೇ ಹೀರಿಕೊಂಡಿವೆ. ಬೆಚ್ಚಗಿನ ಸಮುದ್ರದ ಮೇಲಿನ 100 ಮೀಟರ್ ನೀರು ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 3 ಸೆಂಟಿಮೀಟರ್ ಹಿಗ್ಗುತ್ತದೆ. ಅಲ್ಲಿ ಒಂದು ತೊಟ್ಟು ಹೊಸ ನೀರೂ ಸೇರಿರುವುದಿಲ್ಲ; ಸಮುದ್ರದ ತೂಕ ಹೆಚ್ಚಿರುವುದಿಲ್ಲ; ಮಟ್ಟ ಮಾತ್ರ ಏರಿರುತ್ತದೆ. ಮಾಳಿಗೆಯ ತೊಟ್ಟಿಯಲ್ಲಿ ಕಂಡ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಕೆಲವು ಸೆಂಟಿಮೀಟರುಗಳ ಏರಿಕೆಯಿಂದ ಮುಂಬಯಿಗೆ ಏನಾದೀತು? ಏಳು ದ್ವೀಪಗಳನ್ನು ಜೋಡಿಸಿ, ಸಮುದ್ರವನ್ನು ಹಿಂದೆ ಸರಿಸಿ ನಿರ್ಮಿಸಿದ ಈ ನಗರದ ಹಲವು ಭಾಗಗಳು ತಗ್ಗಿನಲ್ಲಿವೆ. ಮಳೆನೀರನ್ನು ಹೊರಹಾಕುವ ಚರಂಡಿಗಳ ಬಾಯಿ ಅನೇಕ ಕಡೆ ಭರತದ ಮಟ್ಟಕ್ಕಿಂತ ಕೆಳಗಿದೆ. ದೊಡ್ಡ ಭರತದ ವೇಳೆ ಮಳೆನೀರು ಸಮುದ್ರಕ್ಕೆ ಇಳಿಯುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿಗೆ ಸಮುದ್ರದಲ್ಲಿ ಭರತವೂ ಕೂಡಿಬಂದು ನೀರಿಗೆ ದಾರಿಯಿಲ್ಲವಾಯಿತು. ಮೀಠಿ ನದಿ ಉಕ್ಕಿತು, ಉಪನಗರಗಳು ಜಲಾವೃತವಾದವು, ನೂರಾರು ಜನ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ಅಪೂರ್ವವಾದ ಮಳೆಯೂ ನದಿಯ ಪಾತ್ರ ಕಿರಿದಾದುದೂ ಮುಖ್ಯ ಕಾರಣಗಳು. ಆದರೆ ಸಮುದ್ರದ ಸರಾಸರಿ ಮಟ್ಟ ಏರಿದಂತೆಲ್ಲ ಭರತವೂ ಅಷ್ಟೇ ಏರುತ್ತದೆ, ನೀರು ಹೊರಹೋಗುವ ಅವಕಾಶ ಅಷ್ಟು ಕಿರಿದಾಗುತ್ತದೆ ಎಂಬುದನ್ನು ಮರೆಯಲಾಗದು. ಹಾಜಿ ಅಲಿ, ಇರ್ಲಾ ಮೊದಲಾದೆಡೆ ನಗರಪಾಲಿಕೆಯು ಮಳೆನೀರನ್ನು ಎತ್ತಿ ಹೊರಹಾಕುವ ಪಂಪು ಕೇಂದ್ರಗಳನ್ನು ನಿರ್ಮಿಸಿರುವುದು ಈ ಸಮಸ್ಯೆಯ ಹಿನ್ನೆಲೆಯಲ್ಲಿ.

ನಾಗರಿಕರ ಹೊಣೆ

ಸಮುದ್ರದ ಉಷ್ಣತೆಯನ್ನು ಒಬ್ಬ ನಾಗರಿಕ ಇಳಿಸಲಾರ. ಆದರೆ ಮಾಡಬಹುದಾದ ಕೆಲಸಗಳು ಇಲ್ಲದೆ ಇಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿವರ್ಷ ಭರತ ಇಳಿತಗಳ ಕೋಷ್ಟಕವನ್ನು ಪ್ರಕಟಿಸುತ್ತದೆ. ಮಳೆಗಾಲದಲ್ಲಿ ದೊಡ್ಡ ಭರತದ ದಿನಗಳನ್ನು ಪತ್ರಿಕೆಗಳಲ್ಲಿಯೂ ತಿಳಿಸಲಾಗುತ್ತದೆ. ಭಾರಿ ಮಳೆಯ ಮುನ್ಸೂಚನೆಯೂ ದೊಡ್ಡ ಭರತವೂ ಒಂದೇ ವೇಳೆಗೆ ಬರುವ ದಿನ ತಗ್ಗುಪ್ರದೇಶದ ನಿವಾಸಿಗಳು ಅನಗತ್ಯ ಪ್ರಯಾಣವನ್ನು ತಪ್ಪಿಸಿ ಎಚ್ಚರದಿಂದಿರಬೇಕು. ಚರಂಡಿಗೆ ಪ್ಲಾಸ್ಟಿಕ್ ಚೀಲ, ಕಸ ಎಸೆಯುವುದೆಂದರೆ ಕಡಲು ಈಗಾಗಲೇ ಕಿರಿದುಗೊಳಿಸುತ್ತಿರುವ ಬಾಗಿಲನ್ನು ಸ್ವಂತ ಕೈಯಿಂದ ಮುಚ್ಚಿದಂತೆ. ಅಲೆಗಳ ಹೊಡೆತವನ್ನು ತಡೆಯುವ ಕಾಂಡ್ಲಾ ವನಗಳನ್ನು ಉಳಿಸಿಕೊಳ್ಳುವುದು, ವಿದ್ಯುತ್ತು ಮತ್ತು ಇಂಧನವನ್ನು ಮಿತವಾಗಿ ಬಳಸುವುದು ಎಲ್ಲರ ಕರ್ತವ್ಯ.

ಒಂದು ಲೀಟರ್ ನೀರಿನಲ್ಲಿ ನಾಲ್ಕಾರು ಗ್ರಾಂಗಳ ವ್ಯತ್ಯಾಸ ಅಲ್ಪವೆನಿಸುವುದು ಸಹಜ. ಅಪೋಲೋ ಬಂದರಿನ ದಾಖಲೆಯಲ್ಲಿ ವರ್ಷಕ್ಕೆ ಒಂದು ಮಿಲಿಮೀಟರ್ ಏರಿಕೆಯೂ ಹಾಗೆಯೇ ಅಲ್ಪ. ಆದರೆ ನೂರು ವರ್ಷಗಳಲ್ಲಿ ಅದು ಹತ್ತು ಸೆಂಟಿಮೀಟರ್ ಆಗುತ್ತದೆ. ಚರಂಡಿಯ ಬಾಯಿ ಮುಳುಗಲು ಕೆಲವೆಡೆ ಅಷ್ಟು ಸಾಕು. ಮುಂಬಯಿಯ ಕನ್ನಡಿಗರೂ ಸೇರಿದಂತೆ ಕಡಲ ತೀರದ ಊರುಗಳಲ್ಲಿ ಬದುಕು ಕಟ್ಟಿಕೊಂಡಿರುವ ಪ್ರತಿಯೊಬ್ಬರೂ ಈ ಲೆಕ್ಕವನ್ನು ತಿಳಿದು, ತಮ್ಮ ಮಕ್ಕಳಿಗೂ ತಿಳಿಸಿಕೊಡುವುದು ಅವಶ್ಯಕ.